ಹದಿನೇಳನೆಯ ಜೋಡಿ

ಆ ವರದಿ ನಕಲಿ ಇರಬೇಕೆಂದು ಸಂಚಾಲಕಿಗೆ ಅನುಮಾನ ಬಂದದ್ದು ಒಂದೇ ಕಾರಣಕ್ಕೆ. ಅದನ್ನು ಯಾರೋ ನಿಜವಾಗಿಯೂ ಕೂತು ಬರೆದಿದ್ದರು.

ಉಳಿದ ಮೂವತ್ತೈದು ಜೋಡಿಗಳಿಂದ ಇಂಥ ತೊಂದರೆ ಇರಲಿಲ್ಲ. ತಿಂಗಳು ತಿಂಗಳೂ 'ಪ್ರಗತಿ ತೃಪ್ತಿಕರ' ಎಂದು ಬರುತ್ತಿತ್ತು. ಒಬ್ಬ ಮಹನೀಯರಂತೂ ಇಡೀ ವರ್ಷದ ತೃಪ್ತಿಯನ್ನು ಒಂದೇ ದಿನ ಬರೆದು, ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟು ಕಳಿಸಿದ್ದರು.

ಕಾಲೇಜಿನ ಈ ಮಾರ್ಗದರ್ಶನ ಯೋಜನೆ ಆಕೆಯ ಕೂಸು. ಒಬ್ಬ ಅನುಭವಿ ಹಿರಿಯರಿಗೆ ಒಬ್ಬ ವಿದ್ಯಾರ್ಥಿ; ಪ್ರತಿ ಗುರುವಾರ ನಾಲ್ಕಕ್ಕೆ ಒಂದು ತಾಸಿನ ಭೇಟಿ. ಮೇಲು ಕೀಳೆಂಬುದು ಬರಬಾರದೆಂದು ಪತ್ರಗಳಲ್ಲಿ ಇಬ್ಬರನ್ನೂ 'ಜೊತೆಗಾರರು' ಎಂದೇ ಕರೆದಿದ್ದಳು. ವಿದ್ಯಾರ್ಥಿಯನ್ನೂ ಬಹುವಚನದಲ್ಲೇ ಬರೆಯಬೇಕೆಂದು ಕಟ್ಟಪ್ಪಣೆ. ಹಿರಿಯರು ತಿಂಗಳಿಗೊಮ್ಮೆ ಕಳಿಸಬೇಕಾದ ವರದಿಯ ಮೇಲೆ ಹೆಸರಿಲ್ಲ, ಜೋಡಿಯ ಸಂಖ್ಯೆ ಮಾತ್ರ. ಹಿರಿಯರಿಗೊಂದು, ವಿದ್ಯಾರ್ಥಿಗಳಿಗೊಂದು, ಹೀಗೆ ಎರಡು ಬಗೆಯ ಎಪ್ಪತ್ತೆರಡು ಪತ್ರಗಳನ್ನು ಗುಮಾಸ್ತ ಊಟದ ಬಿಡುವಿಗೆ ಮುಂಚೆಯೇ ಲಕೋಟೆಗಳಿಗೆ ತುಂಬಿ ಮುಗಿಸಿದ್ದ. ಅವನ ಚುರುಕನ್ನು ಆಕೆ ಸಭೆಯಲ್ಲೇ ಹೊಗಳಿದ್ದಳು.

ಹದಿನೇಳನೆಯ ಜೋಡಿಯ ಕಡತ ಮೇಜಿನ ಮೇಲಿತ್ತು. ಮೊದಲ ತಿಂಗಳು: 'ಜೊತೆಗಾರರು ಇಡೀ ತಾಸು ಮಾತಾಡಲಿಲ್ಲ. ನಾನೂ ಕೆದಕಲಿಲ್ಲ.' ಮೂರನೆಯ ತಿಂಗಳು: 'ತಮ್ಮ ಚಹಾಕ್ಕೆ ಸಕ್ಕರೆ ಎಷ್ಟೆಂದು ಅವರಿಗೆ ಗೊತ್ತಿಲ್ಲ. ಇಷ್ಟು ದಿನ ಬೇರೆಯವರು ಹಾಕಿಕೊಡುತ್ತಿದ್ದರು. ಎರಡು ಚಮಚ ಎಂದು ಇಬ್ಬರೂ ಸೇರಿ ಕಂಡುಹಿಡಿದೆವು.' ಐದನೆಯದು: 'ಗುಂಡಿ ಹೊಲಿಯುವುದನ್ನು ಕಲಿಸಿದೆ. ಬಿಳಿ ಅಂಗಿಗೆ ಕಪ್ಪು ದಾರದಲ್ಲಿ ಹಾಕಿದ್ದಾರೆ. ಬಿಚ್ಚಿಸಲಿಲ್ಲ. ತಾವೇ ಹಾಕಿದ್ದು.' ಏಳನೆಯದು: 'ದೇವರ ಮೇಲೆ ಮುನಿಸಿಕೊಂಡು ಪ್ರಾರ್ಥನೆ ಬಿಟ್ಟಿದ್ದರು. ಸೋಮವಾರ ಮತ್ತೆ ಕೂತರಂತೆ. ಜಗಳವಾಡಲು ಕೂತದ್ದಂತೆ. ಆದರೂ ಕೂತರು.'

ಪರೀಕ್ಷೆ, ಅಂಕ, ಉದ್ಯೋಗ, ಒಂದರ ಸುದ್ದಿಯೂ ಇಲ್ಲ. ಮನೆಯಲ್ಲಿ ಎಲ್ಲವನ್ನೂ ಕೈಗಿತ್ತು ಬೆಳೆಸಿದರೆ ಹುಡುಗರು ಹೀಗೇ ಆಗುವುದು ಎಂದುಕೊಂಡಳು ಸಂಚಾಲಕಿ. ದಾಖಲೆ ತೆಗೆದು ನೋಡಿದಳು. ಸೇತುವೆ ಕಟ್ಟಿ ನಿವೃತ್ತರಾದ ಒಬ್ಬ ಎಂಜಿನಿಯರು; ಹಾಸ್ಟೆಲಿನಲ್ಲಿರುವ ಎರಡನೆಯ ವರ್ಷದ ಒಬ್ಬ ಹುಡುಗ.

ವಾರ್ಷಿಕ ಸಭೆ ಹತ್ತಿರ ಬಂದಿತ್ತು. ಅತ್ಯುತ್ತಮ ಮಾರ್ಗದರ್ಶಕರಿಗೆ ಪ್ರಶಸ್ತಿ ಕೊಡಬೇಕು. ಗೆದ್ದ ಜೋಡಿಗೆ ಇನ್ನೊಂದು ವರ್ಷ ಒಟ್ಟಿಗೆ ಇರುವ ಅವಕಾಶ. ಉಳಿದವರನ್ನೆಲ್ಲ ಬೇರ್ಪಡಿಸಿ ಹೊಸಬರೊಂದಿಗೆ ಸೇರಿಸುವುದು ನಿಯಮ. ಈ ವರದಿಗಳು ನಿಜವಾದರೆ ಬೇರೆ ಹೆಸರು ಹುಡುಕಬೇಕಾಗಿರಲಿಲ್ಲ. ಸುಳ್ಳಾದರೆ ತುಂಬಿದ ಸಭೆಯಲ್ಲಿ ಮಾನ ಹೋಗುವುದು ಆಕೆಯದು.

ಗುರುವಾರ ಹೇಳದೆ ಕೇಳದೆ ಗ್ರಂಥಾಲಯದ ಹಿಂದಿನ ಕೋಣೆಗೆ ಹೋಗಿ, ಕಪಾಟಿನ ಮರೆಯಲ್ಲಿ ನಿಂತಳು.

ಹಿರಿಯರು ಮಾತಾಡುತ್ತಿದ್ದರು, ಹುಡುಗ ಕೇಳುತ್ತಿದ್ದ. ಮಾರ್ಗದರ್ಶನವೆಂದರೆ ಹೀಗೇ ಇರಬೇಕಲ್ಲವೇ? ತೀರಿಹೋದ ಹೆಂಡತಿಯ ವಿಷಯ. ಬೆಳಿಗ್ಗೆ ಪತ್ರಿಕೆಯ ಪದಬಂಧವನ್ನು ಅವಳೇ ತುಂಬಿಸಿ, ಸುಲಭದ್ದೊಂದನ್ನು ಮಾತ್ರ ಗಂಡನಿಗೆ ಬಿಡುತ್ತಿದ್ದಳಂತೆ. ಹುಡುಗ ಒಮ್ಮೆಯೂ ಫೋನಿನ ಕಡೆ ನೋಡಲಿಲ್ಲ. ಸಂಚಾಲಕಿ ತನ್ನ ನಮೂನೆಯಲ್ಲಿ 'ಅನುಭವ ಹಂಚಿಕೆ' ಎಂಬ ಕಡೆ ಗುರುತು ಹಾಕಿಕೊಂಡು ಮುಂದೆ ಬಂದಳು. ಪ್ರಶಸ್ತಿಯ ವಿಷಯ, ಇನ್ನೊಂದು ವರ್ಷದ ವಿಷಯ ಎರಡನ್ನೂ ತಿಳಿಸಿದಳು.

ಇಬ್ಬರ ಮುಖವೂ ಸಣ್ಣದಾಯಿತು.

"ಪ್ರಶಸ್ತಿ ಬಂದ್ರೆ ಮಾತ್ರ ಇನ್ನೊಂದು ವರ್ಷವೇನಮ್ಮ?" ಎಂದರು ಹಿರಿಯರು.

"ಹೌದು ಸರ್. ನಿಯಮ."

"ಹಾಗಾದ್ರೆ ಕೊಟ್ಬಿಡಿ ತಾಯಿ. ಇಂಥ ಮಾರ್ಗದರ್ಶಕ ದೀಪ ಹಿಡ್ಕೊಂಡು ಹುಡುಕಿದ್ರೂ ನಿಮಗೆ ಸಿಗೋಲ್ಲ."

ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುವವರನ್ನು ಆಕೆ ಬೇಕಾದಷ್ಟು ನೋಡಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡು ತಟ್ಟಿಕೊಳ್ಳುವವರನ್ನು ಕಂಡದ್ದು ಇದೇ ಮೊದಲು.

ಹುಡುಗ ತಲೆ ತಗ್ಗಿಸಿದ. "ಅಂಥಾದ್ದೇನಿಲ್ಲ ಮೇಡಂ. ಸುಮ್ನೆ ಕೂತ್ಕೋತೀವಿ, ಅಷ್ಟೆ."

'ವಿದ್ಯಾರ್ಥಿಗೆ ಕೃತಜ್ಞತೆ ಕಡಿಮೆ' ಎಂದು ಆಕೆ ಬರೆದುಕೊಂಡಳು.

ಆದರೂ ಪ್ರಶಸ್ತಿ ಹದಿನೇಳಕ್ಕೇ ಹೋಯಿತು. ಸಭೆಯ ದಿನ ಆಕೆ, ಹಿರಿಯರ ಕೈ ಹಿಡಿದ ಕಿರಿಯರು ಹೇಗೆ ದಡ ಸೇರುತ್ತಾರೆಂದು ಇಪ್ಪತ್ತು ನಿಮಿಷ ಮಾತಾಡಿದಳು. ಕೊನೆಗೆ ಹದಿನೇಳನೆಯ ಜೋಡಿಯ ಮಾರ್ಗದರ್ಶಕರು ವೇದಿಕೆಗೆ ಬರಬೇಕೆಂದು ಕೋರಿದಳು. ಮುಂದಿನ ಸಾಲಿನಲ್ಲಿ ಹಿರಿಯರು ಎದ್ದರು. ಪಕ್ಕದ ಹುಡುಗನ ರಟ್ಟೆ ಹಿಡಿದು ಎಬ್ಬಿಸಿ, ಮೆಟ್ಟಿಲ ಕಡೆ ನೂಕಿ, ಮತ್ತೆ ಕೂತರು.

ಹುಡುಗ ಒಬ್ಬನೇ ಮೇಲೆ ಬಂದ. ಆಕೆ ಮೈಕಿಗೆ ಕೈ ಅಡ್ಡ ಹಿಡಿದಳು.

"ನೀನಲ್ಲಪ್ಪ. ನಾನು ಕರೆದದ್ದು ಮಾರ್ಗದರ್ಶಕರನ್ನ."

ಹುಡುಗ ಗಾಬರಿಯಿಂದ ಜೇಬಿನಲ್ಲಿದ್ದ ಪತ್ರ ತೆಗೆದು ಬಿಡಿಸಿದ. ಮಡಿಕೆಗಳು ಸವೆದಿದ್ದವು. 'ನಿಮ್ಮ ಜೊತೆಗಾರರು ಹೊಸ ಬದುಕಿಗೆ ಒಗ್ಗಿಕೊಳ್ಳಲು ಕಷ್ಟಪಡುತ್ತಿರಬಹುದು. ಉಪದೇಶ ಬೇಡ, ಕೇಳಿಸಿಕೊಳ್ಳಿ. ತಿಂಗಳಿಗೊಂದು ವರದಿ ಬರೆಯಿರಿ.' ಕೆಳಗೆ ಆಕೆಯದೇ ಸಹಿ.

"ಸಹಾಯ ಬೇಕು ಅಂತ ಅರ್ಜಿ ಹಾಕಿದ್ದೆ ಮೇಡಂ. ಸಹಾಯ ಮಾಡು ಅಂತ ಬಂತು. ಕಾಲೇಜಿನ ಪದ್ಧತಿನೇ ಹೀಗಿರ್ಬೇಕು ಅಂದ್ಕೊಂಡೆ."

"ಮತ್ತೆ ಅವರಿಗೆ?"

"ನೀವು ಒಂಟಿಯಲ್ಲ, ಗುರುವಾರ ನಾಲ್ಕಕ್ಕೆ ನಿಮ್ಮ ಮಾತು ಕೇಳೋಕೆ ಒಬ್ಬರು ಕಾಯ್ತಿರ್ತಾರೆ ಅಂತ ಬಂದಿತ್ತಂತೆ. ಅವರ ಹೆಂಡತಿ ತೀರಿಕೊಂಡು ಆಗ ಇಪ್ಪತ್ತು ದಿನ ಆಗಿತ್ತು." ಅವನು ದನಿ ತಗ್ಗಿಸಿದ. "ಇನ್ನೊಂದು ವರ್ಷ ಸಿಗುತ್ತಲ್ವಾ ಮೇಡಂ?"

ಆಕೆ ಪ್ರಶಸ್ತಿಯನ್ನು ಅವನ ಕೈಯಲ್ಲಿಟ್ಟು, ಸಭೆಯತ್ತ ತಿರುಗಿದಳು.

ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದ ಹಿರಿಯರ ಬಿಳಿ ಅಂಗಿಯ ಎರಡನೆಯ ಗುಂಡಿ ಕಪ್ಪು ದಾರದಲ್ಲಿತ್ತು.