ಒರೆಸಿದ ದ್ರಾಕ್ಷಿ

ಅಂಗಡಿಯ ಕಪ್ಪು ದ್ರಾಕ್ಷಿಯ ಮೇಲೆ ಬೂದಿಯಂಥ ಆ ಬಿಳುಪು ಕಂಡರೆ ಇವತ್ತಿಗೂ ನನ್ನ ಬೆರಳು ಹಿಂದೆ ಸರಿಯುತ್ತದೆ.

ಹೂಡಿಯ ಹತ್ತಿರ ನಮ್ಮದು ಹತ್ತು ಗುಂಟೆ ದ್ರಾಕ್ಷಿ ಚಪ್ಪರ. ಬೇಸಿಗೆಯಿಡೀ ಅಪ್ಪ, ಅಮ್ಮ ಬಾವಿಯ ತಳದ ನೀರನ್ನು ಬಿಂದಿಗೆಯಲ್ಲಿ ಹೊತ್ತು ಬಳ್ಳಿ ಉಳಿಸಿದ್ದರು. ಮೊದಲ ಫಸಲು ಕೊಯ್ದು ಮಂಕರಿಗಳಿಗೆ ತುಂಬಿ, ವ್ಯಾಪಾರಿ ಬರುವುದರೊಳಗೆ ಉಂಡುಬರಲು ಇಬ್ಬರೂ ಒಳಗೆ ಹೋದರು. ಕಾವಲಿಗೆ ಏಳು ವರ್ಷದ ನಾನು. ರಸ್ತೆಯಲ್ಲಿ ಇಟ್ಟಿಗೆ ಲಾರಿಗಳು ಓಡಾಡುತ್ತಿದ್ದವು. ಹಣ್ಣಿನ ಬಿಳುಪು ಅವುಗಳ ಧೂಳೇ ಅಂದುಕೊಂಡು, ಲಂಗದ ಅಂಚನ್ನು ಒದ್ದೆ ಮಾಡಿ ಮೇಲಿನ ಗೊಂಚಲುಗಳನ್ನೆಲ್ಲ ಒರೆಸಿದೆ. ಅಮ್ಮನ ಕರಿಮಣಿಯಂತೆ ಮಿನುಗಿದವು.

ವ್ಯಾಪಾರಿಯ ಟೆಂಪೊ ಸದ್ದಿಗೆ ಅಪ್ಪ, ಅಮ್ಮ ಹೊರಗೆ ಬಂದರು. ಅವನು ಇಳಿದವನೇ ಒಂದು ಗೊಂಚಲು ಎತ್ತಿ ನೋಡಿದ.

"ಏನಣ್ಣ, ತೊಳ್ದಿದ್ದೀರಾ? ಹಣ್ಣಿನ ಹುಟ್ಟು ಬೂದಿ ಹೋದ್ರೆ ಪೇಟೇಲಿ ಹಳೇ ಹಣ್ಣು ಅಂತಾರೆ. ಅರ್ಧ ರೇಟಿಗಾದ್ರೆ ಕೊಡಿ."

"ಮಗಾ ತಿಳೀದೆ ಮೇಲ್ಗಡೆ ಒರ್ಸೈತೆ, ಸಾಮಿ. ಕೆಳಗಿಂದೆಲ್ಲ ಅಂಗೇ ಐತೆ, ನೋಡಿ," ಅಂದ ಅಪ್ಪ, ನನ್ನ ಒದ್ದೆ ಲಂಗ ಕಂಡು.

"ಒಂದೊಂದು ಮಂಕರೀನೂ ಬಗ್ಗಿ ನೋಡ್ತಾ ಕೂರ್ಲಾ? ಬೇಡ ಅಂದ್ರೆ ಹೇಳಿ, ಪಕ್ಕದ ತೋಟದೋರು ಕಾಯ್ತಾ ಇದಾರೆ."

ಅಮ್ಮ ನನ್ನ ಬೆನ್ನಿಗೆ ಗುದ್ದಿದಳು.

"ಬಿಡೇ. ಅದನ್ನ ಹೊಡುದ್ರೆ ಹಣ್ಣು ಮತ್ತೆ ಬಳ್ಳಿಗೆ ಅಂಟ್ಕೊಂತದಾ?" ಅಂದ ಅಪ್ಪ, ತಾನೇ ಮಂಕರಿಗಳನ್ನು ಟೆಂಪೊಗೆ ಹೊತ್ತು ಹಾಕತೊಡಗಿದ.

ಅಷ್ಟೂ ಹೊತ್ತು ವ್ಯಾಪಾರಿ ನಮ್ಮ ಜಗಲಿಯ ಮೇಲೆ ಕೂತಿದ್ದ. ಮಂಕರಿಯೊಂದರ ತಳಕ್ಕೆ ಕೈ ಹಾಕಿ, ಬೂದಿ ಮಾಸದ ಗೊಂಚಲು ಎಳೆದುಕೊಂಡು, ಒಂದೊಂದೇ ಹಣ್ಣನ್ನು ಪಂಚೆಗೆ ಚೆನ್ನಾಗಿ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.