ಮೇಷ್ಟ್ರ ಸ್ನಾನದ ನೀರು

ಬೀದಿಯ ಮನೆಮನೆಯ ನಲ್ಲಿಯೂ ಆ ಬೆಳಿಗ್ಗೆ ಟಿ, ಆರ್, ಎನ್ ಎಂದು ಕೇಳಿತು. ಈ ಮೂರೂ ಅಕ್ಷರಗಳಿರುವ ಇಂಗ್ಲಿಷ್ ಪದ ಹೇಳಿದರೆ ನೀರು. ಪದ ಉದ್ದವಾದಷ್ಟೂ ನೀರು ಹೆಚ್ಚು. ಆದರೆ ಬೀದಿಯಲ್ಲಿ ಒಬ್ಬರು ಹೇಳಿದ ಪದ ಅವತ್ತು ಇನ್ನೊಬ್ಬರಿಗೆ ನಡೆಯದು.

ನಿವೃತ್ತ ಇಂಗ್ಲಿಷ್ ಮೇಷ್ಟ್ರು ಸೀತಾಪತಿ ಎಂದಿನಂತೆ ಗೇಟಿನಲ್ಲಿ ನಿಂತು, ಕೇಳಿದವರಿಗೂ ಕೇಳದವರಿಗೂ 'ಟ್ರಾನ್ಸ್‌ಫರ್ಮೇಶನ್', 'ಇಂಟರ್‌ನ್ಯಾಷನಲ್' ಎಂದು ಧಾರಾಳವಾಗಿ ಹಂಚಿ ಬಂದರು. ಬಚ್ಚಲಲ್ಲಿ ತಲೆಗೆ ಸೋಪು ಹಚ್ಚಿಕೊಂಡ ಮೇಲೆ, ಅಷ್ಟು ವರ್ಷ ಪಾಠ ಮಾಡಿದ ಆ ತಲೆಯಲ್ಲಿ ನೊರೆಯ ಹೊರತು ಏನೂ ಉಳಿದಿರಲಿಲ್ಲ. ಬಾಯಿಗೆ ಬಂದದ್ದು 'ಟ್ರೈನ್' ಒಂದೇ. ನಲ್ಲಿ ಅರ್ಧ ಚೊಂಬು ಸುರಿಸಿ ನಿಂತಿತು.

"ಲೇ ವನಜಾ, ಪಕ್ಕದ ಮನೇಲಿ ಒಂದು ಬಕೆಟ್ ನೀರು ಕೇಳೇ."

"ತುಂಬಿದ ಬಕೆಟ್ ಬಾಗಿಲ ಹೊರಗೇ ಇದೆ, ತಗೊಳ್ಳಿ," ಎಂದರು ಹೆಂಡತಿ. "ನೀವು ಗೇಟಿಗೆ ಹೊರಟಾಗಲೇ ನಾನು ಖಾಲಿ ಬಕೆಟ್ ಅವರ ಮನೇಲಿಟ್ಟು ಬಂದಿದ್ದೆ."