ಒಂದು ಕೂಪನ್, ಮೂರು ಹೊಟ್ಟೆ

ಧಾರವಾಡದ ಹಾಸ್ಟೆಲ್ ಹುಡುಗಿಯರು ಈಗ ತಲೆಗೊಂದು ಊಟದ ಕೂಪನ್ ಕೊಳ್ಳುವುದಿಲ್ಲ. ಹೊಟ್ಟೆಗಳನ್ನು ಜೋಡಿಸಿಕೊಂಡರಾಯಿತು, ಒಬ್ಬಳು ಉಂಡದ್ದು ಕೋಣೆಯವರಿಗೆಲ್ಲ ರುಚಿಸುತ್ತದೆ, ಮೈಗೂ ಹತ್ತುತ್ತದೆ. ನೀಲಾ, ಮಹಾನಂದಾ, ದಾಕ್ಷಿ ಮೂವರೂ ಹಾಗೆಯೇ ಜೋಡಿಸಿಕೊಂಡಿದ್ದರು. ದಾಕ್ಷಿ ತೀರಿಕೊಂಡ ಮೇಲೆ ಅವಳ ಜೋಡಣೆ ಬಿಡಿಸಬೇಕಿತ್ತು. ಅದಕ್ಕೂ ದುಡ್ಡು ದಂಡವೆಂದು ಉಳಿದಿಬ್ಬರು ಸುಮ್ಮನಾದರು.

ಮಹಾಲಯ ಅಮಾವಾಸ್ಯೆಯಂದು ಮೆಸ್ಸಿಗೆ ರಜೆ. ನೀರು ಕುಡಿದು ಕೂತಿದ್ದ ನೀಲಾಳ ಬಾಯಿಗೆ ಇದ್ದಕ್ಕಿದ್ದಂತೆ ತುಪ್ಪ ಹಚ್ಚಿದ ಹೋಳಿಗೆಯ ರುಚಿ ಬಂತು.

"ನಂದಾ, ನೀ ಏನರ ತಿಂದೇನ?"

"ಇಲ್ಲ. ನನಗೂ ಬರಾಕತ್ತೈತಿ," ಎಂದಳು ಮಹಾನಂದಾ. "ಇದು ದಾಕ್ಷಿ ಅವ್ವನ ಕೈರುಚಿ. ಮನ್ಯಾಗ ಆಕಿಗೆ ಎಡಿ ಇಟ್ಟಿರಬೇಕು."

ನೀಲಾ ಬಾಯಿ ಮುಕ್ಕಳಿಸಲು ಎದ್ದಳು. ಮಹಾನಂದಾ ಕೈಹಿಡಿದು ಕೂರಿಸಿದಳು.

"ತಡಿ. ಆಕಿ ಇನ್ನೂ ಉಣ್ಣಾಕತ್ತಾಳ."